ಹಿರಿಯರ ಎಡೆಗೆ ಬಂದವಳು

ಇದನ್ನು ಓದಿ ನಗಬೇಕೆನಿಸಿದರೆ ಧಾರಾಳವಾಗಿ ನಗಿ. ಆ ರಾತ್ರಿ ನಮ್ಮ ಮನೆಯಲ್ಲಿ ನೀವಿರಲಿಲ್ಲ, ನಾನಿದ್ದೆ. ನನ್ನ ಅತ್ತೆ ಇದ್ದರು, ಏಳು ವರ್ಷದ ಮಗಳು ಚೈತ್ರಾ ಇದ್ದಳು. ನಾನು ಗಾಳಿ, ಸೋಂಕು ಎಂದು ತಾಯತ ಕಟ್ಟಿಕೊಂಡು ತಿರುಗುವವಳಲ್ಲ, ಈಗಲೂ ಕಟ್ಟಿಕೊಂಡಿಲ್ಲ. ಆದರೆ ಕಿವಿಯಾರೆ ಕೇಳಿದ್ದನ್ನು ಕೇಳಿಲ್ಲ ಎಂದು ಸುಳ್ಳು ಹೇಳಲು ನನಗೆ ಬರುವುದಿಲ್ಲ.

ನಾವು ಮೊದಲು ಇದ್ದದ್ದು ದಾವಣಗೆರೆ ಪೇಟೆಯ ನಟ್ಟನಡುವೆ, ಒಣಮೆಣಸಿನಕಾಯಿ ಅಂಗಡಿಯೊಂದರ ಮಹಡಿಯ ಮೇಲೆ. ಕೆಳಗೆ ಅವರು ಚೀಲ ಬಿಚ್ಚಿದರೆ ಮೇಲೆ ನಾವು ಸೀನುತ್ತಿದ್ದೆವು. ದೊಡ್ಡವರು ಸೀನಿ ಸುಮ್ಮನಾಗುತ್ತಿದ್ದೆವು. ಚೈತ್ರಾಗೆ ಮಾತ್ರ ಉಬ್ಬಸ ಹತ್ತುತ್ತಿತ್ತು. ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿ ಒಂದು ದಿನ ಹೇಳಿಯೇಬಿಟ್ಟರು: "ಮೊದಲು ಆ ಮನಿ ಬಿಡ್ರಿ. ಆಮೇಲೆ ನನ್ನ ಹತ್ರ ಬರ್ರಿ."

ಬಿಟ್ಟೆವು. ಆವರಗೆರೆ ದಾಟಿ, ಭತ್ತದ ಗದ್ದೆಗಳನ್ನು ಸೈಟು ಮಾಡಿದ ಹೊಸ ಬಡಾವಣೆಯಲ್ಲಿ ಒಂದು ಮನೆ ಹುಡುಕಿದವಳು ನಾನೇ. ಹಾಲ್, ಅಡುಗೆಮನೆ, ಒಂದು ಒಳಕೋಣೆ. ಬಾಡಿಗೆ ಕಡಿಮೆ, ಗಾಳಿ ಜಾಸ್ತಿ. ಸುತ್ತ ನಾಲ್ಕೈದು ಮನೆ ಬಿಟ್ಟರೆ ಬರೀ ಖಾಲಿ ಸೈಟು, ಕಲ್ಲು ಮತ್ತು ಕಾಂಗ್ರೆಸ್ ಗಿಡ. ನಮಗಿಂತ ಮೊದಲು ಎರಡು ಸಂಸಾರ ಬಂದು ಬೇಗನೆ ಖಾಲಿ ಮಾಡಿಕೊಂಡು ಹೋಗಿದ್ದವು ಎಂದು ಮಾಲೀಕರೇ ಹೇಳಿದರು. ಯಾಕೆ ಎಂದು ಕೇಳಿದೆ. "ದೂರ ಆತು ಅಂದ್ರು" ಎಂದರು. ನಮಗೆ ದೂರವೇ ಬೇಕಾಗಿತ್ತು.

ಅತ್ತೆಗೆ ಮೊದಲ ದಿನದಿಂದ ಸಿಟ್ಟು. "ಪ್ಯಾಟಿ ಬಿಟ್ಟು ಯಾರಾದ್ರೂ ಅಡವಿಗೆ ಬರ್ತಾರೇನ್ ಶೋಭಾ? ಕೂಗಿದ್ರೆ ಓಗೊಡೋರಿಲ್ಲ."

"ಕೂಗೋದು ಯಾಕ್ರಿ ಅತ್ತೀ? ಫೋನ್ ಐತಲ್ಲ" ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಮಗಳ ಉಬ್ಬಸ ಪೂರ್ತಿ ಹೋಗಿರಲಿಲ್ಲ, ಆದರೆ ವಾರಕ್ಕೊಮ್ಮೆ ಬರುತ್ತಿದ್ದುದು ತಿಂಗಳಿಗೊಮ್ಮೆ ಎಂಬಂತಾಗಿತ್ತು. ನನಗೆ ಅಷ್ಟು ಸಾಕಿತ್ತು. ಆ ಮನೆಯನ್ನು ನಾನು ಯಾರು ಹೇಳಿದರೂ ಬಿಡುವವಳಿರಲಿಲ್ಲ.

ಹೀಗಿರುವಾಗ ಪಕ್ಷಮಾಸ ಬಂತು. ನಮ್ಮಲ್ಲಿ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಒಳಕೋಣೆ ತೊಳೆದು, ಕಲಶ ಇಟ್ಟು, ಸತ್ತವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು ಬಾಗಿಲು ಮುಚ್ಚುವುದು. ಅರ್ಧ ಗಂಟೆ ಅವರು ಉಣ್ಣಲಿ ಎಂದು ನಾವೆಲ್ಲ ಹೊರಗೆ ಕೂರುವುದು. ನನ್ನ ಗಂಡನ ಮನೆತನದ್ದು ಇನ್ನೂ ಒಂದು ಪದ್ಧತಿ. ಮನೆಯ ಮಗ ಹಿರಿಯರ ಹೆಸರು ಹಿಡಿದು ಕರೆದು ಬಾಗಿಲು ಮುಚ್ಚಬೇಕು. ಮುಚ್ಚಿದವನೇ ತೆಗೆಯಬೇಕು, ಬೇರೆಯವರು ಕೈ ಹಚ್ಚುವಂತಿಲ್ಲ.

ನನ್ನ ಗಂಡ ಮಂಜುನಾಥ ಹರಿಹರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಆ ದಿನ ರಾತ್ರಿ ಪಾಳಿ, ರಜೆ ಸಿಕ್ಕಿರಲಿಲ್ಲ. ನನ್ನ ಹೋಳಿಗೆ ತಡವಾಯಿತು, ಅದು ನನ್ನದೇ ತಪ್ಪು. ಎರಡು ಎಲೆ ಹಾಕಿದ್ದೆವು, ಒಂದು ಮಾವನವರಿಗೆ, ಇನ್ನೊಂದು ಅವರ ಅಪ್ಪನಿಗೆ. ಉಪ್ಪು, ಹೋಳಿಗೆ, ಅನ್ನ, ಕಟ್ಟಿನ ಸಾರು, ಎಣ್ಣೆಗಾಯಿ, ತಟ್ಟೆಯಲ್ಲಿ ನೀರಿನ ಲೋಟ, ಪಕ್ಕದಲ್ಲಿ ಎರಡು ಧೋತ್ರ. ಎರಡೂ ಎಲೆಯ ತುದಿಗೆ ಒಂದೊಂದು ಬೀಡಿ. ಬಡಿಸಿ ಮುಗಿಸುವ ಹೊತ್ತಿಗೆ ದೊಡ್ಡ ರಸ್ತೆಯಲ್ಲಿ ಕಾರ್ಖಾನೆಯ ಬಸ್ಸಿನ ಹಾರನ್ ಕೇಳಿಸಿತು. ಇವನು ಗಡಿಬಿಡಿಯಲ್ಲಿ ಕೈಮುಗಿದು "ಹಿರೇರೆಲ್ಲಾ ಬರ್ರಿ, ಉಣ್ರಿ" ಎಂದು ಬಾಗಿಲು ಮುಚ್ಚಿ, ಹೊರಗಿನ ಚಿಲಕ ಹಾಕಿಬಿಟ್ಟ.

"ಬೆಳಿಗ್ಗೆ ನಾನೇ ಬಂದು ತೆಗೀತೀನವ್ವಾ, ಯಾರೂ ಮುಟ್ಟಬ್ಯಾಡ್ರಿ" ಎಂದು ಓಡಿದ.

ಅತ್ತೆಯ ಮುಖ ಕಪ್ಪಿಟ್ಟಿತು. "ಹೆಸರು ಹಿಡಿಲಿಲ್ಲಲ್ಲೇ... ನಿಮ್ಮ ಮಾವಗೆ ಈ ಮನಿ ಗೊತ್ತೇ ಇಲ್ಲ. ಆ ಹಳೇ ಮನಿ ಹೊಸ್ತಿಲದಾಗೇ ನಿಂತಿರ್ತಾರೆ. ಹೆಸರಿಲ್ದ ಎಲ್ಲಾರೂ ಬರ್ರಿ ಅಂದ್ರೆ, ಈ ಬಯಲಾಗ ಯಾರ್ ಬರ್ತಾರೋ ಏನೋ!"

"ಬಂದವರು ಉಂಡು ಹೋಗ್ತಾರೆ ಬಿಡ್ರಿ ಅತ್ತೀ, ಹೋಳಿಗಿ ಜಾಸ್ತಿನೇ ಐತೆ" ಎಂದೆ. ಬಾಗಿಲು ತೆಗೆಯುವವರೆಗೆ ಉಣ್ಣುವುದಿಲ್ಲ ಎಂದು ಅತ್ತೆ ಕೂತುಬಿಟ್ಟರು. ನಾನು ಮಗಳಿಗೂ ಉಣಿಸಿ, ಅಡುಗೆಮನೆಯಲ್ಲಿ ಕೂತು ಅವರು ನೋಡನೋಡುತ್ತಿದ್ದಂತೆ ಹೊಟ್ಟೆ ತುಂಬ ಉಂಡೆ.

ಹತ್ತು ಗಂಟೆಗೆ ಹಾಲ್‌ನಲ್ಲಿ ಹಾಸಿಗೆ ಹಾಸಿ ಮಲಗಿದೆವು. ಬೀದಿದೀಪ ಎಂದಿನಂತೆ ಉರಿದಿರಲಿಲ್ಲ. ಹೊರಗೆ ಜೀರುಂಡೆ ಸದ್ದು, ದೂರದಲ್ಲಿ ಹರಿಹರದ ಕಡೆ ಹೋಗುವ ರೈಲು... ಆಮೇಲೆ ಅದೂ ಇಲ್ಲ.

ಮೊದಲು ಬಂದದ್ದು ವಾಸನೆ. ಒಳಕೋಣೆಯ ಬಾಗಿಲ ಸಂದಿನಿಂದ, ಹಸಿ ಕೆಸರಿನ ವಾಸನೆ. ನಾಟಿ ಹಾಕುವಾಗ ಗದ್ದೆಯಿಂದ ಬರುತ್ತದಲ್ಲ, ಅದೇ. ಎಂಟು ದಿನದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಕೋಣೆಯ ಕಿಟಕಿಯನ್ನು ನಾನೇ ಭದ್ರವಾಗಿ ಹಾಕಿದ್ದೆ.

ಆಮೇಲೆ ಎಲೆ ಸರಿದ ಸದ್ದು. ಸ್ವಲ್ಪ ತಡೆದು... ತಟ್ಟೆಗೆ ಲೋಟ ತಗುಲಿದ ಸದ್ದು.

"ಇಲಿ" ಎಂದೆ ನಾನು.

ಅತ್ತೆ ಕತ್ತಲಲ್ಲೇ ಎದ್ದು ಕೂತಿದ್ದರು. "ಸುಮ್ನಿರು" ಎಂದು ಪಿಸುಗುಟ್ಟಿದರು.

ಆಗ ಕೇಳಿಸಿತು. ಬಳೆ. ಗಾಜಿನ ಬಳೆ. ಉಣ್ಣುವಾಗ ಕೈ ಬಾಯಿಗೆ ಹೋಗಿ ಇಳಿದರೆ ಮುಂಗೈ ಬಳೆ ಸದ್ದಾಗುತ್ತದಲ್ಲ, ಹಾಗೆ. ಒಂದು ತುತ್ತು... ನಿಲುಗಡೆ... ಇನ್ನೊಂದು ತುತ್ತು. ಆತುರವಿಲ್ಲ. ಬಹಳ ದಿನದ ಮೇಲೆ ಊಟಕ್ಕೆ ಕೂತವರ ಹಾಗೆ ನಿಧಾನವಾಗಿ.

ಅತ್ತೆ ನನ್ನ ಕೈ ಹಿಡಿದರು. "ಶೋಭಾ... ಎಡಿ ಇಟ್ಟಿದ್ದು ಇಬ್ರು ಗಂಡಸರಿಗೆ. ನಮ್ಮತ್ತಿ ಗಂಡ ಹೋದ ಮ್ಯಾಲೆ ಸಾಯೋತನ ಬರಿಗೈಲಿದ್ಲು. ನಮ್ಮ ಹಿರೇರೊಳಗ ಬಳಿ ಯಾರದೇ?"

ಹೆದರಿಕೆಯಾಯಿತೇ ಎಂದರೆ, ಆಯಿತು. ಆದರೆ ಹೆದರಿಕೆಗಿಂತ ಸಿಟ್ಟೇ ಜಾಸ್ತಿ ಬಂತು. ಇಷ್ಟು ಕಷ್ಟಪಟ್ಟು ಹುಡುಕಿದ ಮನೆ, ಮಗಳು ಈಗಷ್ಟೇ ಸರಿಯಾಗಿ ನಿದ್ದೆ ಮಾಡುತ್ತಿದ್ದಾಳೆ, ಇದೂ ಕೈಬಿಟ್ಟು ಹೋಗಬೇಕೇ ಎಂದು. ಗಂಡನಿಗೆ ಫೋನ್ ಮಾಡಿದೆ. ಪಾಳಿಯಲ್ಲಿ ಅವರ ಫೋನೆಲ್ಲ ಗೇಟಿನಲ್ಲೇ ಇಡಬೇಕು, ಅದು ಗೊತ್ತಿದ್ದೂ ಮಾಡಿದೆ. ರಿಂಗಾಗಿ ನಿಂತಿತು.

ಒಂದೂವರೆ ಇರಬೇಕು. ಚೈತ್ರಾ ಕೆಮ್ಮಿದಳು.

ಆ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ಹಿಂದೆಯೇ ಎದೆಯಿಂದ ಸಿಳ್ಳೆಯ ಹಾಗೆ ಸದ್ದು ಶುರುವಾಯಿತು. ನಾನು ಹಾಲ್‌ನ ಲೈಟು ಹಾಕಿದೆ. ಎದ್ದು ಕೂತವಳು ಎರಡೂ ಕೈಯಿಂದ ನನ್ನ ಸೀರೆ ಹಿಡಿದುಕೊಂಡಳು. "ಅಮ್ಮಾ... ಪಂಪು..." ಎಂದಳು. ಅವಳ ಔಷಧಿಯ ಪಂಪಿನ ಚೀಲ ಎಲ್ಲಿದೆ ಎಂದು ಆಗ ನೆನಪಾಯಿತು. ಎಡೆಗೆಂದು ಕೋಣೆ ತೊಳೆಯುವಾಗ ಅದನ್ನು ಅಲ್ಲೇ ಗೋಡೆ ಕಪಾಟಿನ ಎಲ್ಲಕ್ಕಿಂತ ಮೇಲಿನ ಖಾನೆಗೆ ನನ್ನ ಕೈಯಾರೆ ಎತ್ತಿಟ್ಟಿದ್ದೆ.

ಗುರುತಿನ ಆಟೋದವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಂಬುಲೆನ್ಸ್‌ಗೆ ಮಾಡಿದೆ, ಹೊರಟಿದ್ದೇವೆ ಎಂದರು. ಫಲಕವೂ ಇಲ್ಲದ ಬಡಾವಣೆಗೆ ಅವರು ದಾರಿ ಹುಡುಕಿಕೊಂಡು ಬರುವುದು ಯಾವಾಗ? ಮಗಳ ತುಟಿ ನೀಲಿಯಾಗುತ್ತಿತ್ತು. ಪಂಪು ಆರು ಹೆಜ್ಜೆ ದೂರದಲ್ಲಿತ್ತು.

ಎದ್ದು ಒಳಕೋಣೆಯ ಬಾಗಿಲಿಗೆ ಹೋದೆ. ಅತ್ತೆ ಓಡಿಬಂದು ಕೈ ಅಡ್ಡ ಹಿಡಿದರು. "ಬ್ಯಾಡವ್ವಾ, ಮುಚ್ಚಿದೋನು ಬರಲಿ... ಒಳಗಿರೋದು ನಮ್ಮೋರಲ್ಲ!"

"ನಿಮ್ಮೋರೇ ಇದ್ದಿದ್ರೂ ತೆಗೀತಿದ್ದೆ. ಸರೀರಿ ಅತ್ತೀ."

ಅವರು ನನ್ನ ಮುಖ ನೋಡಿದರು, ಮೊಮ್ಮಗಳ ಕಡೆ ನೋಡಿದರು, ಸರಿದರು. ಹೋಗಿ ಅವಳನ್ನು ಎದೆಗೆ ಒರಗಿಸಿಕೊಂಡು ನೆಟ್ಟಗೆ ಕೂರಿಸಿದರು.

ನಾನು ಬಾಗಿಲು ಮೂರು ಸಲ ಬಡಿದೆ. ಒಳಗೆ ಬಳೆಯ ಸದ್ದು ಗಕ್ಕನೆ ನಿಂತಿತು.

"ಯಾರು ಅಂತ ನನಗೆ ಗೊತ್ತಿಲ್ಲ" ಎಂದೆ. ನನ್ನ ದನಿ ನಡುಗುತ್ತಿತ್ತು, ನಡುಗಲಿ ಎಂದುಕೊಂಡೆ. "ಊಟಕ್ಕೆ ಕರೆದವರು ನಾವು, ನಡುವೆ ಎಬ್ಬಿಸಬಾರದು, ಅದೂ ಗೊತ್ತು. ಆದರೆ ನನ್ನ ಮಗಳ ಔಷಧಿ ಒಳಗೈತೆ. ನಾನು ಬರ್ತೀನಿ. ಏನ್ ಮಾಡ್ತೀರೋ ಮಾಡ್ರಿ."

ಚಿಲಕ ತೆಗೆದೆ. ತಳ್ಳಿದೆ. ಬಾಗಿಲು ಅಲುಗಲಿಲ್ಲ. ಒಳಗಿನಿಂದ ಯಾರೋ ಬೆನ್ನು ಕೊಟ್ಟು ನಿಂತ ಹಾಗೆ, ಗಟ್ಟಿ. ಭುಜ ಕೊಟ್ಟು ನೂಕಿದೆ. ಆಗ ಒಂದು ನಿಟ್ಟುಸಿರು... ಇದನ್ನು ನಾನು ಆಣೆ ಮಾಡಿ ಹೇಳುತ್ತೇನೆ, ಬಾಗಿಲ ಆಚೆಯಿಂದ, ನನ್ನ ಕಿವಿಯ ಎತ್ತರಕ್ಕೆ, ಒಂದು ನಿಟ್ಟುಸಿರು. ಬಾಗಿಲು ತಾನೇ ಮೆಲ್ಲಗೆ ಬಿಟ್ಟುಕೊಂಡಿತು.

ಸ್ವಿಚ್ ಒತ್ತಿದೆ, ಲೈಟು ಹತ್ತಲಿಲ್ಲ. ಕಲಶದ ಪಕ್ಕದ ದೀಪ ಮಿಣುಕುತ್ತಿತ್ತು. ಕೆಸರಿನ ವಾಸನೆ ಮುಖಕ್ಕೇ ಹೊಡೆಯಿತು. ಒಂದು ಹೆಜ್ಜೆ ಇಟ್ಟೆ, ಕಾಲಿಗೆ ಏನೋ ತಗುಲಿತು. ಬಗ್ಗಿ ಮುಟ್ಟಿದರೆ... ಚೀಲ. ಮಗಳ ಔಷಧಿ ಚೀಲ. ಕಪಾಟಿನ ಮೇಲಿನ ಖಾನೆಯಲ್ಲಿದ್ದದ್ದು ಹೊಸ್ತಿಲ ಒಳಗೆ, ನನ್ನ ಕಾಲ ಬಳಿ ಇತ್ತು. ಬಿದ್ದಿರಲಿಲ್ಲ, ನೆಟ್ಟಗೆ ಇಟ್ಟಂತಿತ್ತು.

ಎತ್ತಿಕೊಳ್ಳುವಾಗ ಎಲೆಗಳು ಕಂಡವು. ಒಂದು ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಇನ್ನೊಂದನ್ನು ಊಟ ಮುಗಿಸಿದವರು ಮಡಚುವ ಹಾಗೆ ಅರ್ಧಕ್ಕೆ ಮಡಚಲಾಗಿತ್ತು. ಬಾಗಿಲ ಹಿಂದಿನ ಮೂಲೆ ಕತ್ತಲಾಗಿತ್ತು. ಅಲ್ಲಿ ನಾನು ನೋಡಲಿಲ್ಲ. ನೋಡಿದ್ದರೆ ನಿಮಗೆ ಹೇಳುತ್ತಿದ್ದೆ.

ಪಂಪು ಕೊಟ್ಟೆ. ಎರಡು ಸಲ, ತಡೆದು ಮತ್ತೆ ಎರಡು ಸಲ. ಮಗಳ ಉಬ್ಬಸ ಮೆಲ್ಲಗೆ ಇಳಿಯಿತು. ಆಂಬುಲೆನ್ಸಿನವರು ಬರುವ ಹೊತ್ತಿಗೆ ಅವಳು ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ಅವರು ಎದೆಗೆ ಯಂತ್ರ ಇಟ್ಟು ನೋಡಿ, "ಈಗ ಏನೂ ಇಲ್ಲಲ್ರಿ, ಬೆಳಿಗ್ಗೆ ಒಮ್ಮೆ ಡಾಕ್ಟರಿಗೆ ತೋರಿಸ್ರಿ" ಎಂದು ಹೋದರು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಮುಚ್ಚುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಬೆಳಿಗ್ಗೆ ಮಂಜುನಾಥ ಬಂದು ಎಲ್ಲ ಕೇಳಿ, "ಇಲಿ ಇರ್ಬೇಕು ಬಿಡವ್ವಾ" ಎಂದ. ನಾನು ಕೈ ಹಿಡಿದು ಕರೆದುಕೊಂಡು ಹೋಗಿ ಮಡಚಿದ ಎಲೆ ತೋರಿಸಿದೆ. ಬಿಚ್ಚಿದ. ಉಪ್ಪು ಮತ್ತು ಬೀಡಿ ಬಿಟ್ಟರೆ ಎಲೆಯಲ್ಲಿ ಒಂದು ಅಗುಳೂ ಇರಲಿಲ್ಲ. ಇವನು ಆಮೇಲೆ ಇಲಿಯ ಮಾತೆತ್ತಲಿಲ್ಲ.

ಅತ್ತೆ ಅಂಗಳದಲ್ಲಿ ನಿಂತೇ ಹೇಳಿದರು: "ಕರೆದೋನು ನೀನು. ಎಲ್ಲಾರೂ ಹೋಗಿ ಬರ್ರಿ ಅಂತ ನೀನೇ ಕಳಿಸ್ಬೇಕು. ಕಳಿಸು, ಆಮೇಲೆ ಈ ಮನಿ ಬಿಟ್ಟು ಪ್ಯಾಟಿಗೆ ಹೋಗಾಣ."

ಅವನು ಸ್ನಾನ ಮಾಡಿ ಬಂದು ಕೈಮುಗಿಯಲು ನಿಂತ. ನಾನು ಹಾಲ್‌ನಲ್ಲಿ ಮಲಗಿದ್ದ ಮಗಳ ಎದೆಗೆ ಕಿವಿಯಿಟ್ಟೆ. ಹುಟ್ಟಿದಾಗಿನಿಂದ ಆ ಎದೆಯ ಸದ್ದು ಕೇಳಿದವಳು ನಾನು. ಚೆನ್ನಾಗಿದ್ದ ದಿನವೂ ಒಳಗೆಲ್ಲೋ ಗೊರಗೊರ ಎನ್ನುತ್ತಿತ್ತು. ಅಂದು ಏನೂ ಇರಲಿಲ್ಲ. ಬರೀ ಉಸಿರು.

"ತಡೀರಿ" ಎಂದೆ ಗಂಡನಿಗೆ. "ಮನಿ ಬಿಡಲ್ಲ. ಕಳಿಸೋದೂ ಬ್ಯಾಡ."

ಇಬ್ಬರೂ ನನಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದರು. ಕೆಟ್ಟಿರಬಹುದು. ಒಂದು ವರ್ಷವಾಗುತ್ತ ಬಂತು. ಮಗಳಿಗೆ ಆಮೇಲೆ ಒಂದೇ ಒಂದು ಸಲವೂ ಉಬ್ಬಸ ಬಂದಿಲ್ಲ. ಹೊಸ ಗಾಳಿ, ವಯಸ್ಸು, ಔಷಧಿ ಎನ್ನುತ್ತಾರೆ ಡಾಕ್ಟರು. ಇರಬಹುದು, ನಾನು ವಾದ ಮಾಡುವುದಿಲ್ಲ. ಒಳಕೋಣೆಯಲ್ಲಿ ನಾನಿನ್ನೂ ಒಬ್ಬಳೇ ಮಲಗಿಲ್ಲ. ಕೆಲವು ರಾತ್ರಿ ಆ ಕೆಸರಿನ ವಾಸನೆ ಹಾಲ್‌ಗೂ ಬರುತ್ತದೆ. ಆಗ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಬೆಳಗಾಗುವವರೆಗೆ ಕಣ್ಣು ಬಿಟ್ಟುಕೊಂಡಿರುತ್ತೇನೆ.

ಮುಂದಿನ ವಾರ ಮತ್ತೆ ಎಡೆ ಇಡಬೇಕು. ಗಂಡ ಈ ಸಲ ರಜೆ ಹಾಕಿದ್ದಾನೆ. ಮಾವನ ಹೆಸರು, ಅವರ ಅಪ್ಪನ ಹೆಸರು ಹಿಡಿದೇ ಕರೆಯಬೇಕು, ಹೆಸರು ಹಿಡಿದೇ ಕಳಿಸಬೇಕು, "ಎಲ್ಲಾರೂ ಹೋಗಿ ಬರ್ರಿ" ಎಂಬ ಮಾತು ಬಾಯಿಂದ ಬರಕೂಡದು ಎಂದು ತಾಕೀತು ಮಾಡಿದ್ದೇನೆ.

ನಿನ್ನೆ ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ತಲೆ ಎತ್ತದೆ ಕೇಳಿದರು: "ಯಾರು ಅಂತ ಗೊತ್ತಿಲ್ದ ಇಟ್ಕೊಂಡೀಯಲ್ಲವ್ವಾ. ಉಂಡ ಋಣ ಆಕಿ ತೀರ್ಸಿದ್ಲು ಅಂತ ತಿಳ್ಕೊ. ನಾಳೆ ಆಕಿ ಏನಾರ ಕೇಳಿದ್ರೆ ಏನ್ ಕೊಡ್ತೀ?"

ಏನು ಕೊಡಬೇಕಾಗುತ್ತದೋ ನನಗೂ ಗೊತ್ತಿಲ್ಲ. ಆದರೂ ಕಳಿಸುವುದಿಲ್ಲ.