ಪಾತ್ರೆ ತೊಳೆಯುವವನ ನಾಲಿಗೆ

ಆರು ಮೇಜಿನ ಪುಟ್ಟ ಥಾಯ್ ನೂಡಲ್ಸ್ ಅಂಗಡಿ. ಯಜಮಾನಿ ಬೇರೆ, ಕೆಲಸಕ್ಕಿದ್ದವರು ಗಂಡ ಹೆಂಡತಿ. ಒಲೆಯ ಮುಂದೆ ಹೆಂಡತಿ, ಪಾತ್ರೆ ತೊಳೆಯುವ ಹಿಂದಿನ ತೊಟ್ಟಿಯ ಬಳಿ ಗಂಡ. "ಮನೇಲೂ ಹೀಗೇನಾ?" ಎಂದು ಬಂದವರು ತಮಾಷೆ ಮಾಡುತ್ತಿದ್ದರು. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವನನ್ನು ಯಾರೂ ಏನೂ ಎನ್ನುತ್ತಿರಲಿಲ್ಲ, ಎಂಜಲು ತಟ್ಟೆ ಮುಂದಿಟ್ಟು ಹೋಗುತ್ತಿದ್ದರು.

ಅಕ್ಕನ ಹೆಸರೆಲ್ಲ ಇದ್ದದ್ದು ನೂಡಲ್ಸಿಗೆ ಸುರಿಯುವ ಸಾಸಿನಲ್ಲಿ. ಹುಣಸೆ ರಸ, ತಾಳೆಬೆಲ್ಲ, ಮೀನಿನ ಸಾಸು, ಈ ಮೂರನ್ನು ದಿನಾ ಬೆಳಗ್ಗೆ ಕುದಿಸಿ ಹದ ಮಾಡುತ್ತಿದ್ದಳು. ಅಳತೆ ಗಿಳತೆ ಒಂದೂ ಇಲ್ಲ. ಹುಣಸೆಯ ಹುಳಿ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ, ಬೆಲ್ಲದ ಕಥೆಯೂ ಅಷ್ಟೇ. ಅಲ್ಲಿ ನಾಲಿಗೆಯೇ ತಕ್ಕಡಿ.

ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಆ ತಕ್ಕಡಿಯನ್ನೇ ಹೊತ್ತುಕೊಂಡು ಹೋಯಿತು. ಬಾಯಿಗೆ ಏನಿಟ್ಟರೂ ಒದ್ದೆ ಕಾಗದ ಅಗಿದಂತೆ. "ತಾನಾಗೇ ಬರುತ್ತೆ" ಎಂದರು ಡಾಕ್ಟರು. ಬರಲಿಲ್ಲ. ರುಚಿ ತಿಳಿಯದವಳಿಗೆ ಒಲೆ ಯಾರು ಕೊಡುತ್ತಾರೆ? ಅಕ್ಕ ಯಾರ ಮುಂದೂ ಉಸಿರೆತ್ತಲಿಲ್ಲ, ಗಂಡನ ಮುಂದೂ. ಆದರೆ ತೊಳೆಯುವವನಿಗೆ ತಟ್ಟೆಗಳೇ ಚಾಡಿ ಹೇಳುತ್ತವೆ. ನೆಕ್ಕಿದಂತೆ ಬರುತ್ತಿದ್ದ ತಟ್ಟೆಗಳಲ್ಲಿ ನೂಡಲ್ಸ್ ಉಳಿಯತೊಡಗಿತು. ನಾಲ್ಕನೆಯ ದಿನ ಅವನು ಬೋಗುಣಿಗೆ ಬೆರಳದ್ದಿ ನೆಕ್ಕಿ, ಅವಳ ಪಕ್ಕ ಬಂದು ನಿಂತ.

"ಹುಳಿ ಸಾಲದು ಕಣೇ. ನಿಂಗೆ ಗೊತ್ತಾಗ್ತಿಲ್ವಾ?"

ಅವಳು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಮರುದಿನದಿಂದ ಬಾಗಿಲು ತೆರೆಯುವ ಮುಂಚೆ ಅವನ ಅಂಗೈಗೆ ಒಂದು ಚಮಚ ಸಾಸು ಬೀಳುತ್ತಿತ್ತು. ಅವನು ಹೇಳುತ್ತಿದ್ದ, ಇವಳು ತಿದ್ದುತ್ತಿದ್ದಳು. ಜನ ಹೊಗಳುತ್ತಿದ್ದದ್ದು ಮಾತ್ರ ಅಕ್ಕನ ಕೈಗುಣವನ್ನು.

ಒಂದು ಮಧ್ಯಾಹ್ನ ಮೇಜುಗಳೆಲ್ಲ ತುಂಬಿದ್ದಾಗ ಅವನು ಒದ್ದೆ ಕೈಯಲ್ಲೇ ಒಲೆಯ ಹತ್ತಿರ ಬಂದು, "ಉಪ್ಪು ಮುಂದಾಗಿದೆ, ನೋಡು" ಎಂದ. ದಿನಾ ಬರುವ ಅಂಚೆಯವನು ನಕ್ಕ. "ಏನಕ್ಕಾ, ಪಾತ್ರೆ ತೊಳೆಯೋರೂ ರುಚಿ ಹೇಳ್ತಾರಾ?"

ಗುಟ್ಟು ರಟ್ಟಾಯಿತೆಂದು ಅಕ್ಕ ಗಂಡನ ಕಡೆ ತಿರುಗಿದಳು. "ನಿಮ್ಮ ಕೆಲಸ ನೀವು ನೋಡ್ಕೊಳ್ರೀ. ರುಚಿ ವಿಷ್ಯ ನಿಮಗೇನ್ ಗೊತ್ತು?" ಎಂದುಬಿಟ್ಟಳು.

ಅಂಗಡಿಯೆಲ್ಲ ನಕ್ಕಿತು. ಅವನೂ ನಕ್ಕು ಒಳಗೆ ಹೋದ. ಹಾಳು ನಾಲಿಗೆ! ರುಚಿ ಸತ್ತಿತ್ತೇ ಹೊರತು ಖಾರ ಸತ್ತಿರಲಿಲ್ಲ. ಮನೆಗೆ ಹೋಗಿ ತಪ್ಪಾಯ್ತು ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಮಲಗಿದ್ದ. ಬೆಳಗ್ಗೆ ಹೇಳಿದರಾಯಿತು ಎಂದು ಬಿಟ್ಟಳು. ಬೆಳಗ್ಗೆ ಅವನು ಏಳಲೇ ಇಲ್ಲ.

ಎರಡು ವಾರ ಕಳೆದು ಅಕ್ಕ ಮತ್ತೆ ಒಲೆಯ ಮುಂದೆ ನಿಂತಳು. ಸಾಸನ್ನು ಅಂದಾಜಿನಲ್ಲೇ ಬೆರೆಸಿದಳು. ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳೆಲ್ಲ ಅರ್ಧಂಬರ್ಧ ವಾಪಸು ಬಂದವು. ಅಂಗಡಿಯ ಯಜಮಾನಿ ಒಂದು ತುತ್ತು ತಿಂದು ಮುಖ ಕಿವುಚಿದಳು. ಆಮೇಲೆ ಅಕ್ಕನ ಬೋಳು ಹಣೆ ನೋಡಿ ಮೆತ್ತಗಾದಳು.

"ಈ ಸಲ ಬೇರೆ ಮೀನಿನ ಸಾಸು ತಂದಿದ್ದೆ, ಅದೇ ಕೆಟ್ಟಿರ್ಬೇಕು ಬಿಡಿ. ನಿಮ್ಮ ಕೈ ತಪ್ಪೋದುಂಟಾ ಅಕ್ಕಾ?"

ಹೂಂ ಎಂದಿದ್ದರೆ ಸಾಕಿತ್ತು, ಒಲೆ ಉಳಿಯುತ್ತಿತ್ತು. ಎದುರಿನ ಮೇಜಿನಲ್ಲಿ ಅಂಚೆಯವನೂ ಕೂತಿದ್ದ. ಅಕ್ಕ ಒಲೆ ಆರಿಸಿದಳು.

"ಸಾಸು ಕೆಟ್ಟಿಲ್ಲಮ್ಮ. ನಂಗೆ ರುಚಿ ಹೋಗಿ ಎರಡು ವರ್ಷ ಆಯ್ತು. ಇಷ್ಟು ದಿನ ನೀವೆಲ್ಲ ಹೊಗಳಿದ್ದು ನಮ್ಮನೆಯವರ ನಾಲಿಗೇನ. ಅವತ್ತು ಎಲ್ಲರ ಮುಂದೆ ಅವರಿಗೆ ಅಂದುಬಿಟ್ಟೆ. ಅದಕ್ಕೇ ಇದನ್ನೂ ಎಲ್ಲರ ಮುಂದೆ ಹೇಳ್ತಿದೀನಿ."

ಅಂಚೆಯವನು ತಲೆ ತಗ್ಗಿಸಿದ.

"ಇನ್ನೇನ್ ಮಾಡ್ತೀರಿ ಅಕ್ಕಾ?" ಎಂದಳು ಯಜಮಾನಿ.

"ಪಾತ್ರೆ ರಾಶಿ ಬಿದ್ದಿದೆಯಲ್ಲ" ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಕಡೆ ನಡೆದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಅಲ್ಲಿ ನಿಂತವಳಲ್ಲ. ನಲ್ಲಿ ತಿರುಗಿಸಿ ತಲೆಯೆತ್ತಿದಳು. ಗೋಡೆಯಲ್ಲಿ ತಟ್ಟೆ ದಾಟಿಸುವಷ್ಟು ಒಂದು ಕಿಂಡಿ ಇತ್ತು. ಅದರಲ್ಲಿ ಮೇಜು ಕಾಣುತ್ತಿರಲಿಲ್ಲ, ಬೀದಿ ಕಾಣುತ್ತಿರಲಿಲ್ಲ, ಒಲೆಯ ಮುಂದೆ ಅವಳು ದಿನಾ ನಿಲ್ಲುತ್ತಿದ್ದ ಜಾಗ ಮಾತ್ರ ಕಾಣುತ್ತಿತ್ತು.