ಮಾತ್ರೆಯ ತಪ್ಪಿಗೆ ನನ್ನ ಕಾಲ್ಗುಣ

ಗೆಳತಿಯರೇ, ನನ್ನವರ ರಕ್ತದಲ್ಲಿ ಹೆಪಟೈಟಿಸ್ ವೈರಸ್ ಈಗ ಕಾಣುತ್ತಿಲ್ಲವಂತೆ! ಇವತ್ತು ಬಳ್ಳಾರಿಯಿಂದ ಸಿರುಗುಪ್ಪದವರೆಗೂ ಬಸ್ಸಿನಲ್ಲಿ ಅವರ ಕೈ ಬಿಡಲಿಲ್ಲ. ಆದರೆ ಮಾತ್ರೆಯಿಂದ ಹಿಮೋಗ್ಲೋಬಿನ್ ತೀರಾ ಇಳಿದಿದೆ, ಮೆಟ್ಟಿಲು ಹತ್ತಲೂ ಆಗುತ್ತಿಲ್ಲ. ಅದೇ ಮಾತ್ರೆ ತಿಂದ ಇವರ ಅಣ್ಣನಿಗೆ ಏನೂ ಆಗಿರಲಿಲ್ಲ.

"ದೊಡ್ಡಾವ್ಗ ಆಗ್ಲಿಲ್ಲ, ಇವ್ನಿಗ್ಯಾಕ? ಸೊಸಿ ಕಾಲ್ಗುಣ" ಎಂದರು ಅತ್ತೆ.

"ಡಾಕ್ಟ್ರು ಹೇಳ್ಯಾರಮ್ಮ, ಮಾತ್ರಿ ಮೈಗೆ ಒಗ್ಗೋದು ಬಿಡೋದು ಜೀನಿಂದು, ಹುಟ್ಟಿನಿಂದ ಬಂದದ್ದು. ಅಣ್ತಮ್ಮರಾದ್ರೂ ಒಂದೇ ಇರಂಗಿಲ್ಲ" ಎಂದರು ಇವರು.

"ಹುಟ್ಟಿನಿಂದ ಅಂದ್ರ ನನ್ನಿಂದೇನಲೇ? ನಮ್ಮ ವಂಶದಾಗ ಅಂಥಾದ್ದಿಲ್ಲ. ಮಾತ್ರಿ ಮುಗಿಯೋತನ ಆಕಿ ತವರಾಗ ಇರ್ಲಿ."

ವಾದಿಸಲು ಉಸಿರಿಲ್ಲದೆ ಇವರು ಗೋಡೆಗೆ ಒರಗಿದರು.

ವಂಶ ಅತ್ತೆಯ ಹತ್ತಿರವೇ ಇರಲಿ. ಈ ಕಾಲುಗಳನ್ನು ತೆಗೆದುಕೊಂಡು ನಾನು ಭಾನುವಾರ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹುಬ್ಬಳ್ಳಿಯ ತವರಿಗೆ ಬರುತ್ತಿದ್ದೇನೆ.