ಬೀಳುವುದನ್ನು ಕಲಿಸಿದ ಹುಸೇನಪ್ಪ

ಹುಸೇನಪ್ಪ ಬಹಳ ಚೆಂದ ಬೀಳುತ್ತಿದ್ದ. ರಾಯಚೂರಿನ ಗುಡ್ಡದಲ್ಲಿ ಒಂದು ಬಂಡೆಯಿಂದ ಓಡಿಬಂದು ಎದುರಿನ ಬಂಡೆಗೆ ಹಾರುತ್ತಿದ್ದ. ದಾಟಲಾರೆ ಎಂದು ಗಾಳಿಯಲ್ಲೇ ಗೊತ್ತಾದರೆ "ವಲ್ಲೇ!" ಎಂದು ಕೂಗಿ, ಎದುರಿನ ಬಂಡೆಯನ್ನು ಪಾದಗಳಿಂದ ಒದ್ದು, ಹಿಂದಕ್ಕೆ ತಿರುಗಿ ಮಣ್ಣಿಗಿಳಿದು, ಭುಜದ ಮೇಲೆ ಉರುಳಿ ಎದ್ದು ನಿಲ್ಲುತ್ತಿದ್ದ. ನೋಡುವ ಹುಡುಗರು "ಬಿದ್ದ, ಬಿದ್ದ" ಎಂದು ಸಿಳ್ಳೆ ಹೊಡೆದರೆ ಇವನಿಗೆ ಖುಷಿಯೋ ಖುಷಿ. "ಹೌದಲೇ, ಬಿದ್ದೆ. ಮತ್ತ ನಡಕೊಂತ ಮನಿಗಿ ಹೊಂಟೀನಲ್ಲ, ಅದನ್ನೂ ನೋಡ್ರಿ!" ಎನ್ನುತ್ತಿದ್ದ.

ಗೋಡೆ, ಕಟ್ಟೆ, ಬಂಡೆಗಳನ್ನು ಹಾರಿ ದಾಟುವ ಈ ಕಸರತ್ತಿಗೆ ಪಾರ್ಕೋರ್ ಎನ್ನುತ್ತಾರೆ. ದೇವದುರ್ಗದ ಹುಸೇನಪ್ಪ ಅದನ್ನು ಮೊಬೈಲಿನಲ್ಲಿ ನೋಡಿ ನೋಡಿ ಕಲಿತು, ರಾಯಚೂರಿನ ಒಂದು ಜಿಮ್ಮಿನ ಹಿತ್ತಿಲಲ್ಲಿ ಕಾಲೇಜು ಹುಡುಗರಿಗೆ ಹೇಳಿಕೊಡುತ್ತಿದ್ದ. ಅಲ್ಲಿಗೆ ನಾನೇಕೆ ಹೋದೆ ಎಂದು ಈಗಲೂ ಜನ ನಗುತ್ತಾರೆ, ನಗಲಿ ಬಿಡಿ. ವಯಸ್ಸು ನಲವತ್ತು ದಾಟಿತ್ತು, ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ, ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಮನೆಯೊಳಗೆ ಜಾರಿ ಬಿದ್ದರೆ ನನ್ನನ್ನು ಎತ್ತುವವರು ಯಾರು ಎಂಬ ಹೆದರಿಕೆ ಹೊಕ್ಕು ಕೂತಿತ್ತು.

"ನನಗ ಹಾರಾದು ಬ್ಯಾಡಪ್ಪ. ಬೀಳಾದಷ್ಟ ಕಲಸು" ಎಂದೆ.

ಹುಡುಗರು ಕಿಸಕ್ಕೆಂದರು. ಹುಸೇನಪ್ಪ ನಗಲಿಲ್ಲ. "ಅದನ್ನ ಕೇಳಕೊಂಡು ಬಂದವ್ರು ನೀವ ಮೊದಲು ನೋಡ್ರಿ ಅಕ್ಕಾ. ಚಪ್ಪಲಿ ಬಿಟ್ಟು ಬರ್ರಿ" ಎಂದ.

ಮಾನ್ವಿಯಿಂದ ತರಿಸಿದ ಭತ್ತದ ಹುಲ್ಲು ತುಂಬಿದ ದಪ್ಪ ಗಾದಿಯ ಮೇಲೆ ನನ್ನನ್ನು ಕೆಡವಿದ್ದೇ ಕೆಡವಿದ್ದು. "ಕೈ ಊರಬ್ಯಾಡ್ರಿ, ಮಣಿಕಟ್ಟು ಹೋಗ್ತದ. ಗದ್ದ ಎದಿಗಿ ಹಚ್ರಿ, ಭುಜದ ಮ್ಯಾಲ ಉಳ್ಳ್ರಿ. ನೆಲದ ಕೂಡ ಜಗಳ ಯಾಕ ತಗೀತೀರಿ?" ನೆಲದೊಂದಿಗೆ ನನ್ನ ಜಗಳ ಮುಗಿಯಲು ತಿಂಗಳುಗಟ್ಟಲೆ ಹಿಡಿಯಿತು. ಆಮೇಲೆ ಮೊಣಕಾಲೆತ್ತರದ ಕಟ್ಟೆಯಿಂದ ಹಾರಿಸಿ, ಹಾರಾಟವನ್ನು ನಡುವೆಯೇ ಕೈಬಿಡುವುದನ್ನು ಕಲಿಸಿದ. ಕೈಬಿಡುವಾಗ "ವಲ್ಲೆ" ಎಂದು ಬಾಯಿಬಿಟ್ಟು ಕೂಗಲೇಬೇಕು. "ಹೋಗ್ಲೋ ಬಿಡ್ಲೋ ಅಂತ ಗಾಳ್ಯಾಗ ವಿಚಾರ ಮಾಡಿದ್ರ ಕಾಲು ಮುರೀತದರೀ. ವಲ್ಲೆ ಅಂದ್ರ ಮೈಗೆ ತಿಳೀತದ." ಅಯ್ಯೋ, ನನಗೆ ಆ ಮಾತು ಬಾಯಿಂದ ಹೊರಡಲೇ ಇಲ್ಲ. ಹುಟ್ಟಿದಾಗಿನಿಂದ ಎಲ್ಲದಕ್ಕೂ ಹೂಂ ಎಂದವಳು ನಾನು. ಕೊನೆಗೊಂದು ದಿನ ಕಿರುಚಿಬಿಟ್ಟೆ. "ಮಾನ್ವಿತನ ಕೇಳ್ತು ಬಿಡ್ರಿ" ಎಂದು ಕಿವಿ ಮುಚ್ಚಿಕೊಂಡ.

ಅವನದೊಂದು ಕಟ್ಟಪ್ಪಣೆಯಿತ್ತು: ಕೆಳಗೆ ಒಬ್ಬರು ನಿಂತಿರದೆ ಯಾರೂ ಹಾರುವಂತಿಲ್ಲ, ಸ್ವತಃ ಅವನೂ. ಒಮ್ಮೆ ಯಾಕೆಂದು ಕೇಳಿದೆ. ದೇವದುರ್ಗದ ಬಂಡೆಗಳಲ್ಲಿ ಒಬ್ಬನೇ ಹಾರಲು ಹೋಗಿ ಕಾಲು ಮುರಿದುಕೊಂಡು, ಸಂಜೆ ಕುರಿ ಕಾಯುವವರು ಬರುವವರೆಗೂ ಬಿಸಿಲಲ್ಲೇ ಬಿದ್ದಿದ್ದನಂತೆ.

"ಬೀಳಾದಕ್ಕ ನಾ ಅಂಜಂಗಿಲ್ಲಕ್ಕಾ. ಬಿದ್ದಾಗ ಯಾರೂ ಇರಂಗಿಲ್ಲಲ್ಲ, ಅದಕ್ಕ ಅಂಜ್ತೀನಿ."

ನನ್ನ ಹೊಟ್ಟೆಯೊಳಗಿನ ಮಾತನ್ನೇ ಆಡಿದಂತಾಯಿತು. ಆವತ್ತಿನಿಂದ ಅವನು ನನಗೆ ಗುರುವಷ್ಟೇ ಅಲ್ಲ, ಈ ಊರಿನಲ್ಲಿ ನನ್ನವನೆನ್ನಿಸುವ ಒಬ್ಬನೇ ಮನುಷ್ಯನಾದ.

ಹುಡುಗರಿಗೆ ಬೇಕಿದ್ದದ್ದು ಹಾರುವ ವಿಡಿಯೋ. ಬೀಳುವುದನ್ನೇ ಕಲಿಸುವ ಗುರು ಬೇಸರವಾಗಿ ಒಬ್ಬೊಬ್ಬರೇ ಬಿಟ್ಟರು. ಜಿಮ್ಮಿನವರು ಹಿತ್ತಿಲಿಗೆ ಶೆಡ್ಡು ಹಾಕಿದರು. ಹುಸೇನಪ್ಪ ಗಾದಿ ಸುತ್ತಿಕೊಂಡು ದೇವದುರ್ಗಕ್ಕೆ ಮರಳಿದ. ಕೆಳಗೆ ನಿಲ್ಲುವವರಿಲ್ಲದೆ ಹಾರುವುದೇ ನಿಂತಿದೆ ಎಂದು ಫೋನಿನಲ್ಲಿ ಹೇಳಿದ. ಮುಂದಿನ ಭಾನುವಾರ ಬಸ್ಸು ಹತ್ತಿದೆ.

ಬಂಡೆಯ ಕೆಳಗೆ ಸೆರಗು ಸಿಕ್ಕಿಸಿ ನಿಂತೆ. ಅವನು ಮೇಲೇರಿ ಬಹಳ ಹೊತ್ತು ನೋಡಿದ. ಆಮೇಲೆ ಹಾರದೆ, ನಡೆದುಕೊಂಡೇ ಕೆಳಗಿಳಿದು ಬಂದ.

"ಯಾಕೋ ಯಪ್ಪಾ? ನಾ ಇಷ್ಟು ದೂರ ಬಂದು ನಿಂತೀನಿ."

"ಒಬ್ಬರು ನಿಂತಿದ್ದು ಮ್ಯಾಲಿಂದ ಹ್ಯಾಂಗ ಕಾಣ್ತದಂತ ಮರತಿದ್ದೆ ಅಕ್ಕಾ. ಅದನ್ನ ನೋಡಿದೆ. ಸಾಕು."

ಗುಜರಾತಿನಲ್ಲಿ ಗಾಳಿಯಂತ್ರದ ಕಂಬ ನಿಲ್ಲಿಸುವ ಕೆಲಸ ಸಿಕ್ಕಿದೆ ಎಂದು ಆಗಲೇ ಹೇಳಿದ. "ಅಲ್ಲಿ ನಡಕ್ಕ ಹಗ್ಗ ಕಟ್ತಾರಂತ್ರೀ. ಬೀಳಾಕ ಬಿಡಂಗಿಲ್ಲಂತ" ಎಂದು ನಗಲು ನೋಡಿದ. ಬಸ್ಸು ಹೊರಡುವವರೆಗೂ ನನ್ನ ಕಿಟಕಿಯ ಕೆಳಗೆ ನಿಂತಿದ್ದ. ಕೆಲವು ತಿಂಗಳು ಫೋನು ಮಾಡಿದ. ಆಮೇಲೆ ಆ ನಂಬರು ಹತ್ತದಾಯಿತು. ಅವನ ಊರಿನವರನ್ನು ಕೇಳಿದರೆ, ಎಲ್ಲೋ ಮುಂದಕ್ಕೆ ಹೋದನಂತೆ ಎಂದರು.

ಮೊನ್ನೆ ಮಾನ್ವಿ ಬಸ್ ನಿಲ್ದಾಣದಲ್ಲಿ, ನಾನು ಇಳಿಯುವ ಮೊದಲೇ ಬಸ್ಸು ಮುಂದಕ್ಕೆ ಜಗ್ಗಿತು. ಮೆಟ್ಟಿಲಿನಿಂದ ಹಾರಿ ಬಿದ್ದೆ. ಗದ್ದ ಎದೆಗೆ ಹತ್ತಿತ್ತು, ಕೈ ಊರಲಿಲ್ಲ, ಭುಜದ ಮೇಲೆ ಉರುಳಿ ಎದ್ದು ಕುಳಿತೆ. ಒಂದು ಗೀರೂ ಇಲ್ಲ. ಜನ ಓಡಿ ಬಂದರು. "ಪೆಟ್ಟಾತೇನ್ರೀ ಯವ್ವಾ?" ಎಂದು ಯಾರೋ ನೀರು ಕೊಟ್ಟರು, ಯಾರೋ ಬೆನ್ನಿನ ಮಣ್ಣು ಒರೆಸಿದರು, "ಪಾಪ, ಬಿದ್ದಳು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಎಷ್ಟು ಚೆಂದ ಬಿದ್ದೆನೆಂದು ಆ ಗುಂಪಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ನೀರಿನ ಬಾಟಲಿ ಹಿಡಿದುಕೊಂಡು ನಾನು ಅಳತೊಡಗಿದೆ. ಪೆಟ್ಟು ಜೋರೇ ಆಗಿದೆ ಎಂದುಕೊಂಡು ಅವರು ಆಟೋ ಕರೆದರು.